ಗಿಮಾನನ ಹೂಂ

ನಮ್ಮ ಗಲ್ಲಿಯಲ್ಲಿ ಯಾರಿಗೆ ಏನಾಗಿದೆ ಎಂದು ತಿಳಿಯಲು ಅವರನ್ನು ಮಾತಾಡಿಸಬೇಕಾಗಿಲ್ಲ. ದೂರದಿಂದ ಒಮ್ಮೆ ನೋಡಿದರೆ ಸಾಕು. ಸೊಂಟ ಹಿಡಿದವರ ಸೊಂಟದ ಮೇಲೆ, ಹಲ್ಲು ನೋಯುವವರ ಕೆನ್ನೆಯ ಮೇಲೆ, ತಲೆಸಿಡಿತದವರ ಎರಡೂ ಕಣತಲೆಗಳ ಮೇಲೆ ಕೊಯೊ ಅಂಟಿಕೊಂಡಿರುತ್ತದೆ. ಕೊಯೊ ಎಂದರೆ ಮೆಣಸಿನ ಖಾರ, ಕರ್ಪೂರದ ಘಾಟು ಸೇರಿಸಿದ ಅಂಟುಪಟ್ಟಿ. ಅಂಗಡಿಯಲ್ಲಿ ಬಾಳೆಹಣ್ಣಿನ ಪಕ್ಕದಲ್ಲೇ ಸಿಗುತ್ತದೆ. ಮದುವೆಯಾಗದ ಮಗಳ ಚಿಂತೆಗೂ ಅದೇ, ಸೊಸೆಯ ಮೇಲಿನ ಸಿಟ್ಟಿಗೂ ಅದೇ. ಉರಿ ಹತ್ತಬೇಕು, ಮೂಗಿಗೆ ಹೊಡೆಯಬೇಕು, ನಾಲ್ಕು ಜನ ನೋಡಿ "ಏನಾಯ್ತು?" ಎನ್ನಬೇಕು. ಅರ್ಧ ಕಾಯಿಲೆ ಅಲ್ಲಿಗೇ ಇಳಿಯುತ್ತದೆ.

ನಮ್ಮ ಸೋಲೊ ಊರಿನ ಇನ್ನೊಂದು ವಿಶೇಷ ಹೂಂಗುಟ್ಟುವುದು. ಇಲ್ಲಿ ಯಾರೂ ಯಾರಿಗೂ 'ಇಲ್ಲ' ಎನ್ನುವುದಿಲ್ಲ. ಅದು ಒರಟುತನ, ಕಡಲದಂಡೆಯ ವ್ಯಾಪಾರಿಗಳ ಬುದ್ಧಿ. ಏನು ಕೇಳಿದರೂ ಕುತ್ತಿಗೆ ಒಂದಿಷ್ಟು ಬಗ್ಗಿಸಿ ಮೆತ್ತಗೆ 'ಹೂಂ' ಎಂದರಾಯಿತು. ಹಾಗೆಂದರೆ ಒಪ್ಪಿದೆ ಎಂದಲ್ಲ, ತಿಳಿಯಿತು ಎಂದೂ ಅಲ್ಲ. ತಮ್ಮ ದನಿ ನನ್ನ ಕಿವಿಗೆ ಬಿದ್ದಿದೆ, ತಾವಿನ್ನು ನೆಮ್ಮದಿಯಿಂದ ಹೊರಡಬಹುದು ಎಂದಷ್ಟೇ. ನನ್ನ ಮನೆಯ ಹಿಂಬಾಗಿಲನ್ನು ಮುಂದಿನ ವಾರ ತಂದುಕೊಡುತ್ತೀಯಾ ಎಂದು ಬಡಗಿಯನ್ನು ಕೇಳಿದ್ದೆ. ಹೂಂ ಎಂದ. ಆ ಬಾಗಿಲಿನ ಜಾಗದಲ್ಲಿ ಈಗಲೂ ನನ್ನ ಹಳೆಯ ಲುಂಗಿ ತೂಗುತ್ತಿದೆ.

ಈ ಎರಡು ವಿದ್ಯೆಗಳಲ್ಲೂ ನಮ್ಮ ಗಿಮಾನನನ್ನು ಮೀರಿಸಿದವರಿಲ್ಲ. ಐವತ್ತು ದಾಟಿದ ಗಿಮಾನ್ ನನ್ನ ಎದುರುಮನೆಯವನು. ಬಿದಿರು ಸೀಳಿ ಹಕ್ಕಿಗೂಡು ಕಟ್ಟುವುದು ಅವನ ಕಸುಬು. ಬೆಳವ ಹಕ್ಕಿಯ ಕೂಗಿನ ಒಳ್ಳೆಯದು ಕೆಟ್ಟದ್ದು ಹೇಳುವುದು ಅವನ ಹುಚ್ಚು. ಎತ್ತರದ ಗಳುವಿನ ತುದಿಯಲ್ಲಿ ಗೂಡು ತೂಗುಬಿಟ್ಟು ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿ ಕೂತಿರುತ್ತಾನೆ. ನಿದ್ದೆಯೋ ಎಂದು ಕೇಳಿದರೆ 'ಹೂಂ', ಎಚ್ಚರವೋ ಎಂದು ಕೇಳಿದರೂ 'ಹೂಂ'.

ಅವನ ತಾಯಿ ಕಾಸಿನೆಮ್ ಅಜ್ಜಿ ಅರಮನೆ ಮೈದಾನದ ಆಲದ ಮರದಡಿಯಲ್ಲಿ ಒಂದು ಆಯುಷ್ಯವಿಡೀ ರೊಂಡೆ ಮಾರಿದವಳು. ಸುಡುವ ಶುಂಠಿ ಬೆಲ್ಲದ ನೀರು, ಅದರಲ್ಲಿ ತೇಲುವ ಅಕ್ಕಿಯ ಉಂಡೆ. ಈಚೆಗೆ ಅವಳ ಮರೆವು ಮನೆಯ ಗೋಡೆ ದಾಟಿತ್ತು. ಮೊದಲು ಬೆಲ್ಲದ ಬದಲು ಉಪ್ಪು ಬಿತ್ತು. ಆಮೇಲೆ ಗಿಮಾನನನ್ನು ಸತ್ತುಹೋದ ಗಂಡನ ಹೆಸರಿನಿಂದ, ಗಂಡನ ತಮ್ಮನ ಹೆಸರಿನಿಂದ, ಒಮ್ಮೆ ಹಾಲಿನವನ ಹೆಸರಿನಿಂದ ಕರೆದಳು. ಎಲ್ಲಕ್ಕೂ ಅವನು ಹೂಂ ಎಂದಿದ್ದರಿಂದ ಕಾಯಿಲೆ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಂದು ದಿನ ಅಜ್ಜಿ ಪಕ್ಕದ ಗಲ್ಲಿಯ ಯಾರದೋ ಮನೆಗೆ ಹೋಗಿ, ಒಳಗೆ ಕೂತು, ಆ ಮನೆಯವರನ್ನೇ "ನೀವೆಲ್ಲ ಯಾವಾಗ ಬಂದ್ರಿ, ಊಟ ಆಯ್ತಾ?" ಎಂದು ಉಪಚರಿಸಿದಳು. ಅವರೂ ಸೋಲೊದವರೇ, ಹೂಂ ಎಂದು ತಮ್ಮ ಮನೆಯಲ್ಲೇ ನೆಂಟರಂತೆ ಸಂಜೆಯವರೆಗೆ ಕೂತಿದ್ದರು.

ಸುದ್ದಿ ಕೇಳಿ ಸೆಮರಾಂಗಿನಿಂದ ಮಗಳು ಪಲುಪಿ ಬಂದಳು. ಕಡಲದಂಡೆಯ ಆ ದೊಡ್ಡ ಊರಿನಲ್ಲಿದ್ದೂ ಇದ್ದೂ 'ಇಲ್ಲ' ಎನ್ನುವುದನ್ನು ಕಲಿತವಳು. ಅಮ್ಮನನ್ನೂ ಅಣ್ಣನನ್ನೂ ಡಾಕ್ಟರ್ ಹಪ್ಸಾರಿಯವರ ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ಅಜ್ಜಿಯ ಜೊತೆ ಬಹಳ ಹೊತ್ತು ಮಾತಾಡಿ, ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ಇದು ನೆನಪಿನ ಔಷಧ. ನುಂಗೋದಲ್ಲ, ಚರ್ಮಕ್ಕೆ ಅಂಟಿಸೋದು," ಎಂದರು. "ಕಳೆದುಹೋಗಿರೋದನ್ನ ಇದು ವಾಪಸ್ ತರಲ್ಲ. ಇರೋದನ್ನ ಇನ್ನೊಂದಿಷ್ಟು ಕಾಲ ಹಿಡಿದಿಟ್ಕೊಳ್ಳೋಕೆ ಸಹಾಯ ಮಾಡುತ್ತೆ, ಅಷ್ಟೇ. ದಿನಕ್ಕೆ ಒಂದೇ, ಬೆಳಿಗ್ಗೆ ಒಂದೇ ಹೊತ್ತಿಗೆ. ಹೊಸದು ಹಾಕೋ ಮೊದಲು ಹಳೇದನ್ನ ತೆಗೆದುಬಿಡಬೇಕು."

"ಹೂಂ," ಎಂದ ಗಿಮಾನ್.

ಆಗಲೇ ಕ್ಲಿನಿಕ್ಕಿನ ಜಗಲಿಯಲ್ಲಿ ತೂಗುಹಾಕಿದ್ದ ಯಾರದೋ ಬೆಳವ ಕೂಗಿತು. ಮೊದಲ ಸ್ವರ ದುಂಡಗಿತ್ತು. ನಡುವಿನ ಎಳೆತ ಬಾವಿಗೆ ಇಳಿಬಿಟ್ಟ ಹಗ್ಗದಂತೆ ನಿಧಾನವಾಗಿ ಇಳಿಯಿತು. ಗಿಮಾನನ ಕಣ್ಣು ತಾನಾಗಿಯೇ ಮುಚ್ಚಿತು.

"ಬೆನ್ನಿನ ಮೇಲ್ಭಾಗಕ್ಕೆ ಹಾಕಿ, ಅವರ ಕೈಗೆ ಸಿಗದ ಕಡೆ. ಇವತ್ತು ಹಾಕಿದ ಜಾಗಕ್ಕೇ ನಾಳೆ ಬೇಡ. ಅದರ ಕೆಳಗೆ ಎಣ್ಣೆ, ಬಾಮು ಹಚ್ಚಬಾರದು. ಬಿಸಿ ಶಾಖ ಕೊಡಬಾರದು. ವಾಂತಿ, ತಲೆಸುತ್ತು, ಊಟ ಸೇರದೇ ಇರೋದು, ಇಂಥದ್ದೇನಾದ್ರೂ ಆದ್ರೆ ಆ ಕ್ಷಣವೇ ನಂಗೆ ಹೇಳಿ. ಬೇರೆ ಯಾರಿಗೂ ಕೊಡಬಾರದು. ತಿಳೀತಾ?"

ಬೆಳವದ ಕೊನೆಯ ಸ್ವರ ಮಾತ್ರ ಸ್ವಲ್ಪ ಮೊಟಕಾಯಿತು. ಗಿಮಾನನಿಗೆ ಬಹಳ ಬೇಸರವಾಯಿತು.

"ಹೂಂ," ಎಂದ.

ಹೊರಗೆ ಬಂದ ಮೇಲೆ ಪಲುಪಿ ಅಣ್ಣನ ಎದುರು ನಿಂತಳು. "ಅಣ್ಣಾ, ಅಮ್ಮ ನಮ್ಮಲ್ಲಿಗೆ ಬರ್ಲಿ ಅಂದ್ರೆ ನೀನು ಹಾವು ಕಂಡವನ ಹಾಗೆ ಆಡ್ತೀಯ. ಆಯ್ತು, ಇಲ್ಲೇ ಇರ್ಲಿ. ಆದ್ರೆ ಒಂದೇ ಒಂದು ಎಡವಟ್ಟಾಗ್ಲಿ, ಅವತ್ತೇ ಕರ್ಕೊಂಡು ಹೋಗ್ತೀನಿ. ನಮ್ಮದು ಹನ್ನೊಂದನೇ ಮಹಡಿ. ಲಿಫ್ಟಿದೆ, ಗಾಳಿ ಬೆಳಕಿದೆ, ಕಾವಲುಗಾರ ಇದ್ದಾನೆ."

"ಕಾವಲುಗಾರ ಯಾರ ಮಗ?" ಎಂದಳು ಅಜ್ಜಿ.

"ಗೊತ್ತಿಲ್ಲಮ್ಮ."

ಯಾರ ಮಗನೆಂದು ತಿಳಿಯದ ಕಾವಲುಗಾರನ ಊರನ್ನು ಅಜ್ಜಿ ಮನಸ್ಸಿನಲ್ಲೇ ನೋಡುತ್ತಿದ್ದಳೋ ಏನೋ, ಗಿಮಾನನ ಅಂಗಿಯ ತುದಿ ಹಿಡಿದುಕೊಂಡಳು. ಗಿಮಾನ್ ಅದನ್ನು ಬಿಡಿಸಿಕೊಳ್ಳಲಿಲ್ಲ. ಗಲ್ಲಿಯಲ್ಲಿ ಅಮ್ಮ ಹಾದಿ ತಪ್ಪಿದರೆ ಹತ್ತು ಜನ ಕೈಹಿಡಿದು ತರುತ್ತಾರೆ. ಹನ್ನೊಂದನೇ ಮಹಡಿಯಲ್ಲಿ ಹಾದಿ ತಪ್ಪುವುದಕ್ಕೆ ಹಾದಿಯೇ ಇರುವುದಿಲ್ಲ. ಅಷ್ಟು ಅವನಿಗೆ ಗೊತ್ತಿತ್ತು.

"ಎಲ್ಲಾ ನಂಗೆ ಬಿಡು," ಎಂದ ತಂಗಿಗೆ. "ಹುಟ್ಟಿದಾಗಿಂದ ಕೊಯೊ ಅಂಟಿಸಿದವನು ನಾನು. ಇದೇನು ಹೊಸ ವಿದ್ಯೆಯಾ?"

ಅನರ್ಥ ಶುರುವಾಗಿದ್ದು ಈ ಮಾತಿನಿಂದ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಬಿಚ್ಚುವುದನ್ನು ನೋಡಲು ಗಲ್ಲಿಯ ಗಣ್ಯರು ನೆರೆದರು. ಗಲ್ಲಿಯ ಮುಖ್ಯಸ್ಥ ಪಾಕ್ ಮಂಗುನ್ ಬಂದರು. ಮದುವೆಮನೆಗಳಲ್ಲಿ ಅರಮನೆಯ ಹಳೇ ಭಾಷೆಯಲ್ಲಿ ಸ್ವಾಗತಭಾಷಣ ಮಾಡುವುದು ಅವರ ಕೀರ್ತಿ. ನಡುವೆ ಮರೆತುಹೋಗಿ ಕೆಮ್ಮುವುದು ಅವರ ಗುಟ್ಟು. ಸೂಪು ಮಾರುವ ಬು ಟಾರ್ಮಿ ಬಂದಳು. ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಎರಡೆರಡು ಸಲ ಹಾಕುವುದು ಅವಳ ರೂಢಿ. ಅದನ್ನು ಗಿರಾಕಿಗಳು ಅವಳ ಕೈರುಚಿ ಎಂದುಕೊಂಡಿದ್ದರು.

ಗಿಮಾನ್ ಒಂದು ಪಟ್ಟಿ ಹೊರತೆಗೆದ. ದುಂಡಗೆ, ತೆಳ್ಳಗೆ, ಚರ್ಮದ ಬಣ್ಣದ್ದು. ಮೂಸಿದ. ಎಲ್ಲರೂ ಸರದಿಯಲ್ಲಿ ಮೂಸಿದರು.

"ವಾಸನೆನೇ ಇಲ್ವಲ್ಲೋ," ಎಂದರು ಪಾಕ್ ಮಂಗುನ್.

"ಖಾರಾನೂ ಇಲ್ಲ. ಪಾಪ, ಡಾಕ್ಟರಮ್ಮ ಇನ್ನೂ ಚಿಕ್ಕೋಳು," ಎಂದಳು ಬು ಟಾರ್ಮಿ. "ಕೆಳಗೆ ಒಂಚೂರು ಬಾಮು ತಿಕ್ಕು ಗಿಮಾನ್. ಹಾದಿ ಮಾಡಿಕೊಡು ಅದಕ್ಕೆ."

"ಬೆನ್ನಿಗೆ ಅಂದ ಹಾಗಿತ್ತು..." ಎಂದು ಗಿಮಾನ್ ತಡವರಿಸಿದ.

"ಬೆನ್ನಿಗಾ? ಬೆನ್ನು ಯಾವತ್ತಾದ್ರೂ ಏನಾದ್ರೂ ಮರೀತಾ?" ಎಂದರು ಪಾಕ್ ಮಂಗುನ್. ಗಲ್ಲಿ ತಲೆದೂಗಿತು. ಅವರು ಗಂಟಲು ಸರಿಪಡಿಸಿಕೊಂಡು ಗೂಢಾರ್ಥ ಬಿಡಿಸಿದರು. "ನೋಡು, ಆಯಮ್ಮ ಒಳ್ಳೇ ಮನೆತನದೋಳು. ಹಿರಿಯರ ತಲೆ ಮುಟ್ಟು ಅಂತ ಮಗನಿಗೆ ಬಾಯಿಬಿಟ್ಟು ಹೇಳೋಕಾಗುತ್ತಾ? ಅದಕ್ಕೆ ಬೆನ್ನು ಅಂದಿದ್ದಾಳೆ. ತಿಳಿದೋರು ತಿಳ್ಕೋಬೇಕು."

ಇದಕ್ಕಿಂತ ನಯವಾದ ವಿವರಣೆ ಇರಲು ಸಾಧ್ಯವಿರಲಿಲ್ಲ. ಗಿಮಾನ್ ಮೊಣಕಾಲೂರಿ, ಕೈಜೋಡಿಸಿ, ತಲೆ ಮುಟ್ಟುವುದಕ್ಕೆ ತಾಯಿಯ ಕ್ಷಮೆ ಕೇಳಿ, ಬಲಗಡೆಯ ಕಣತಲೆಗೆ ಬಾಮು ತಿಕ್ಕಿ ಮೊದಲ ಪಟ್ಟಿಯನ್ನು ಅಂಟಿಸಿದ. ಅಜ್ಜಿ ಹೂಂ ಎಂದಳು.

ಎರಡನೇ ದಿನ ಹಳೆಯದನ್ನು ಕೀಳಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿತು. ಪಟ್ಟಿ ಇನ್ನೂ ಗಟ್ಟಿಯಾಗಿ ಹಿಡಿದಿತ್ತು. ಗಟ್ಟಿಯಿರುವುದನ್ನು ಕೀಳುವುದು ನಮ್ಮಲ್ಲಿ ಸಂಪ್ರದಾಯವಲ್ಲ. ಕೊಯೊ ತಾನಾಗಿ ಉದುರಬೇಕು, ಇಲ್ಲವೇ ಸ್ನಾನದಲ್ಲಿ ತೊಳೆದುಹೋಗಬೇಕು. "ಈಗಷ್ಟೇ ನೆನಪು ಹತ್ತುತಾ ಇದೆ. ಕಿತ್ತರೆ ಅದರ ಜೊತೆ ಬಂದುಬಿಟ್ರೆ?" ಎಂದಳು ಬು ಟಾರ್ಮಿ. ಹೊಸದು ಎಡಗಡೆಗೆ ಹತ್ತಿತು. ಆಮೇಲಿನವು ಕಿವಿಯ ಹಿಂದೆ, ಕತ್ತಿನ ಹಿಂದೆ, ತುರುಬಿನ ಕೆಳಗೆ ಹತ್ತಿದವು. ವಾರ ತುಂಬುವಷ್ಟರಲ್ಲಿ ಕಾಸಿನೆಮ್ ಅಜ್ಜಿ ಬಲು ದೂರದ ದೇಶಕ್ಕೆ ಹೊರಟ, ಅಂಚೆಚೀಟಿ ಹೆಚ್ಚಾಗಿ ಹಚ್ಚಿದ ಲಕೋಟೆಯಂತೆ ಕಾಣತೊಡಗಿದಳು.

ಸೆಮರಾಂಗಿನಿಂದ ದಿನವೂ ಫೋನು ಬರುತ್ತಿತ್ತು.

"ಹಳೇದನ್ನ ತೆಗೀತಿದ್ದೀಯಾ?"

"ಹೂಂ."

"ಬೆನ್ನಿಗೇ ತಾನೆ?"

"ಹೂಂ."

"ದಿನಕ್ಕೆ ಒಂದೇ ಹಾಕೋದು ತಾನೆ?"

"ಹೂಂ," ಎನ್ನುತ್ತಿದ್ದ ಗಿಮಾನ್. ಈ ಮೂರನೆಯದು ನಿಜವೇ ಆಗಿತ್ತೆಂದು ನ್ಯಾಯದ ದೃಷ್ಟಿಯಿಂದ ಇಲ್ಲಿ ದಾಖಲಿಸಬೇಕು.

ಅಷ್ಟರಲ್ಲಿ ಅಜ್ಜಿಗೆ ಕನಸು ಬೀಳತೊಡಗಿದವು.

ನಮ್ಮ ಊರಿನ ಮಧ್ಯಾಹ್ನ ಅರ್ಧ ನಿದ್ದೆಯದು. ನಮಾಜಿನ ಕೂಗು ಮುಗಿದ ಮೇಲೆ ಬಿಸಿಲು ಗಲ್ಲಿಯ ತುಂಬ ಜೋಲಿ ಕಟ್ಟಿ ಮಲಗುತ್ತದೆ. ಬೆಳವಗಳು ಮೇಲಿನಿಂದ ಒಂದೊಂದೇ ಸ್ವರ ಇಳಿಬಿಡುತ್ತವೆ. ಯಾರ ಮನೆಯದೋ ಒಗ್ಗರಣೆ ಯಾರ ಮನೆಯದೋ ಕನಸಿಗೆ ಹೋಗಿ ಸೇರುತ್ತದೆ. ಅಂಥ ಒಂದು ಮಧ್ಯಾಹ್ನ ಅಜ್ಜಿ ಬಿದಿರಿನ ಮಂಚದಿಂದ ಎದ್ದು ಕೂತು, ಈಗಷ್ಟೇ ಬೀದಿಯಲ್ಲಿ ಕಂಡದ್ದನ್ನು ಹೇಳುವವಳಂತೆ ಹೇಳಿದಳು:

"ನಿಮ್ಮಪ್ಪ ಬಂದಿದ್ರು ಕಣೋ. ನದಿ ಮೇಲೆ ಸೈಕಲ್ ಹೊಡ್ಕೊಂಡು. ಚಕ್ರ ಒಂಚೂರೂ ಒದ್ದೆ ಆಗಿರ್ಲಿಲ್ಲ. ಹಿಂದೆ ಹುಂಜ ಕೂತಿತ್ತು. ನೀರು ಕಾದಿದೆಯಾ ಅಂದ್ರು. ಕಾದಿದೆ ಅಂದೆ. ಹುಂಜಾನ ಕೆಳಗಿಳಿಸಿ ಹಂಗೇ ಹೋದ್ರು."

ನಿನ್ನೆಯ ಊಟ ನೆನಪಿಲ್ಲದವಳಿಗೆ ಸೈಕಲ್ಲಿನ ಚಕ್ರ ಒದ್ದೆಯಾಗದೆ ಇದ್ದದ್ದು ನೆನಪಿದೆ ಎಂದರೆ! ಗಲ್ಲಿಯೆಲ್ಲ ಓಡಿಬಂತು. ಔಷಧ ಹತ್ತಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮರುದಿನದ ಕನಸು ಇನ್ನೂ ದೊಡ್ಡದು. ಅರಮನೆಯ ಬಿಳಿ ಕೋಣ, ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಊರೇ ಕೈಮುಗಿಯುವ ಕೋಣ, ತಾನೊಂದೇ ನಮ್ಮ ಗಲ್ಲಿಗೆ ಬಂದಿತ್ತು. ಗಿಮಾನನ ಬಾಗಿಲಲ್ಲಿ ಚಪ್ಪಲಿ ಬಿಟ್ಟಿತು.

"ಕೋಣಕ್ಕೆ ಚಪ್ಪಲೀನಾ ಅಜ್ಜಿ?" ಎಂದಳು ಬು ಟಾರ್ಮಿ.

"ನಾಲ್ಕು. ಜೋಡಿಸಿ ಇಟ್ಟಿತ್ತು. ಚೆನ್ನಾಗಿ ಬೆಳೆಸಿದ್ದಾರೆ," ಎಂದಳು ಅಜ್ಜಿ. "ಒಂದು ಲೋಟ ರೊಂಡೆ ಕೊಡ್ತೀಯಾ ತಾಯಿ, ಬೆಲ್ಲ ಕಮ್ಮಿ ಅಂತು. ಸಕ್ಕರೆ ಕಾಯಿಲೆಯಂತೆ. ಲೋಟ ಹುಡುಕ್ತಾ ಇದ್ದೆ, ಎಚ್ಚರ ಆಗೋಯ್ತು."

ಪಾಕ್ ಮಂಗುನ್ ಕಣ್ಣುಮುಚ್ಚಿ ಇದರ ಫಲ ನೋಡಿದರು. ಬಿಳಿ ಕೋಣ ಬಾಗಿಲಿಗೆ ಬಂದು ಬಾಯಿಬಿಟ್ಟು ಕೇಳುವುದೆಂದರೆ ಮನೆತನಕ್ಕೆ ಏಳಿಗೆ, ಗಲ್ಲಿಗೆ ಮರ್ಯಾದೆ, ಬಹುಶಃ ಮುಖ್ಯಸ್ಥರಿಗೆ ಮೇಲಿನ ಹುದ್ದೆ. ಬೆಲ್ಲ ಕಮ್ಮಿ ಎಂದದ್ದರ ಫಲ ಮಾತ್ರ ಹೊಳೆಯಲಿಲ್ಲ. ಆಮೇಲೆ ದಿನವೂ ಮಧ್ಯಾಹ್ನ ಗಲ್ಲಿಯವರು ಚಾಪೆ ತಂದು ಅಜ್ಜಿ ಏಳುವುದನ್ನೇ ಕಾದು ಕೂರತೊಡಗಿದರು. ನಾನೂ ಎದುರಿನ ಕಿಟಕಿಯಿಂದ ಕಾಯುತ್ತಿದ್ದೆ. ನನ್ನ ಓದಿನಲ್ಲಿ ಬಂದ ಎಷ್ಟೋ ಪುಸ್ತಕಗಳಿಗಿಂತ ಆ ಕನಸುಗಳು ಚೆನ್ನಾಗಿದ್ದವು.

ಒಂದು ಸಂಜೆ ಪಾಕ್ ಮಂಗುನ್ ಗಿಮಾನನನ್ನು ಮೂಲೆಗೆ ಕರೆದರು. "ಬು ಟಾರ್ಮಿ ಸೋದರ ಸೊಸೆ ಮದುವೆ ಬಂತಲ್ಲಪ್ಪ. ಭಾಷಣ ಉದ್ದ ಇದೆ. ಒಂದೆರಡು ಪಟ್ಟಿ ಕೊಡ್ತೀಯಾ?"

ಗಿಮಾನ್ ಪೆಟ್ಟಿಗೆಯ ಕಡೆ ನೋಡಿದ. ಡಾಕ್ಟರು ಏನೋ ಹೇಳಿದ್ದರು, ಬೆಳವದ ಕೊನೆಯ ಸ್ವರ ಮೊಟಕಾದ ಹೊತ್ತಿಗೆ. ಆದರೆ ಮುಖ್ಯಸ್ಥರಿಗೆ ಇಲ್ಲ ಎನ್ನುವುದು ಹೇಗೆ?

"ಹೂಂ," ಎಂದ.

ಅದು ಕಿವಿಯಿಂದ ಕಿವಿಗೆ ಹೋಯಿತು. ಬು ಟಾರ್ಮಿ ಉಪ್ಪಿನ ಲೆಕ್ಕಕ್ಕೆ ಒಂದು ಒಯ್ದಳು. ಮೂಲೆಮನೆಯವನು ತನ್ನ ಬೆಳವ ಕೂಗು ಮರೆತಿದೆ, ಕಾಲುಭಾಗ ಕತ್ತರಿಸಿ ರೆಕ್ಕೆಯಡಿ ಅಂಟಿಸಲೇ ಎಂದು ಕೇಳಿದ. ಅದೊಂದಕ್ಕೆ ಮಾತ್ರ ಗಿಮಾನ್ ಹೂಂ ಎನ್ನದೆ ಎದ್ದು ಹೋದ. ಹಕ್ಕಿಯ ವಿಷಯದಲ್ಲಿ ಅವನು ಹುಡುಗಾಟ ಸಹಿಸುವವನಲ್ಲ.

ಮದುವೆಯ ಹಿಂದಿನ ದಿನ ಅಜ್ಜಿ ಅನ್ನ ಮುಟ್ಟಲಿಲ್ಲ. ಬಿಸಿ ಗಂಜಿ ಕುಡಿಸಿದರೆ ಕಾರಿಕೊಂಡಳು. ಎದ್ದು ನಿಂತರೆ ಗೋಡೆ ಹಿಡಿದಳು.

"ಗಾಳಿ ಹೊಕ್ಕಿದೆ," ಎಂದಿತು ಗಲ್ಲಿ ಒಕ್ಕೊರಲಿನಿಂದ. ನಮ್ಮಲ್ಲಿ ಸಾಯುವವರೆಗಿನ ಎಲ್ಲ ಕಾಯಿಲೆಗೂ ಕಾರಣ ಅದೊಂದೇ. ಬು ಟಾರ್ಮಿ ನಾಣ್ಯಕ್ಕೆ ಎಣ್ಣೆ ಹಚ್ಚಿ ಅಜ್ಜಿಯ ಬೆನ್ನನ್ನು ಕೆಂಪು ಗೀರು ಏಳುವಂತೆ ಕೆರೆದಳು. ಕತ್ತಿನ ಹಿಂದೆ, ಸರಿಯಾಗಿ ಪಟ್ಟಿಗಳ ಮೇಲೆಯೇ, ಬಿಸಿನೀರ ಚೀಲ ಇಟ್ಟಳು. ಡಾಕ್ಟರು ಮಾಡಬೇಡಿ ಎಂದ ಒಂದೊಂದನ್ನೂ ನಮ್ಮ ಗಲ್ಲಿ ಎಷ್ಟು ಪ್ರೀತಿಯಿಂದ ಮಾಡಿತೆಂದರೆ, ದ್ವೇಷ ಇದ್ದವರಿಗೂ ಅಷ್ಟು ಅಚ್ಚುಕಟ್ಟಾಗಿ ಮಾಡಲು ಆಗುತ್ತಿರಲಿಲ್ಲ.

"ಡಾಕ್ಟ್ರಿಗೆ ಹೇಳ್ಬೇಕು ಅನ್ಸುತ್ತೆ," ಎಂದ ಗಿಮಾನ್.

"ಡಾಕ್ಟ್ರಿಗೆ ಹೇಳಿದ್ರೆ ತಂಗಿಗೆ ಹೇಳ್ದಂಗೆ," ಎಂದರು ಪಾಕ್ ಮಂಗುನ್. "ತಂಗಿಗೆ ಹೇಳಿದ್ರೆ ಹನ್ನೊಂದನೇ ಮಹಡಿ. ನಿನ್ನಿಷ್ಟ."

ಗಿಮಾನ್ ತಾಯಿಯ ಕಡೆ ನೋಡಿದ. ಅಜ್ಜಿ ಕಣ್ಣು ಅರ್ಧ ಮುಚ್ಚಿ ಯಾವುದೋ ನದಿಯ ದಂಡೆಯಲ್ಲಿ ಇದ್ದಳು. ಕಣತಲೆಯ ಪಟ್ಟಿಗಳಿಗೆ ಬೆವರು ಮೂಡಿತ್ತು. ಫೋನು ಎತ್ತಿದ, ಇಳಿಸಿದ. ಆಗಲೇ ಅದು ಬಡಿದುಕೊಂಡಿತು. ಪಲುಪಿ. ಮದುವೆಗೆ ತಾನೂ ಬರುತ್ತೇನೆ, ಅಮ್ಮ ಆರಾಮ ತಾನೆ ಎಂದಳು.

"ಹೂಂ," ಎಂದ ಗಿಮಾನ್. ಆ ಹೂಂ ಎಂದಿನಂತೆ ಹಗುರಾಗಿ ಹೊರಡಲಿಲ್ಲ. ಸೀಳುವಾಗ ಬಿದಿರಿನ ಗೆಣ್ಣು ತಡೆದ ಹಾಗೆ ತಡೆದು ಬಂತು.

ಮದುವೆಯ ಚಪ್ಪರ ಗಲ್ಲಿಯ ಉದ್ದಕ್ಕೂ ಹಾಕಿತ್ತು. ಮಲ್ಲಿಗೆಯ ಮಾಲೆಗಳ ನಡುವೆ ಗಾಮೆಲಾನ್ ವಾದ್ಯದ ಕಂಚಿನ ದನಿ ನೀರಿನೊಳಗಿಂದ ಬಂದಂತೆ ಬರುತ್ತಿತ್ತು. ಅಜ್ಜಿಗೆ ತಲೆ, ಕತ್ತು ಮುಚ್ಚುವಂತೆ ದಪ್ಪ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಪಲುಪಿಯ ಪಕ್ಕ ಕೂರಿಸಿದ್ದರು. ಪಾಕ್ ಮಂಗುನ್ ಕಣತಲೆ ಮುಚ್ಚುವಂತೆ ರುಮಾಲಿನ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡು ಮೈಕಿನ ಮುಂದೆ ನಿಂತರು. ಎರಡೇ ಎಂದು ಕೇಳಿದ್ದರೂ ಭಾಷಣದ ಉದ್ದ ನೆನೆದು ಇನ್ನೆರಡು ತರಿಸಿಕೊಂಡಿದ್ದರು. ಜೊತೆಗೆ ಬಾಮು.

"ಮಹನೀಯರೇ, ಹೂವಿನ ಪರಿಮಳದಂತೆ ಬಂದಿರುವ ಅತಿಥಿಗಳೇ," ಎಂದು ಶುರುಮಾಡಿದರು. ದನಿ ಗಂಭೀರವಾಗಿತ್ತು. "ಈ ಬಡ ಗಲ್ಲಿಗೆ ತಾವು ಪಾದ ಬೆಳೆಸಿದ್ದೀರಿ. ಬಿಳಿ ಕೋಣವೂ... ಚಪ್ಪಲಿ..." ಎಂದು ನಿಂತರು. ಮುಖ ಬಾಳೆಯ ಎಳೆ ಎಲೆಯ ಬಣ್ಣಕ್ಕೆ ತಿರುಗಿತು. ಕಣ್ಣು ಬಹಳ ದೂರ ನೋಡಿದವು. ಅನಂತರ ಅವರು ಅತ್ಯಂತ ಗೌರವದಿಂದ ಬಾಗಿ, ಮದುಮಗನ ಪಾದ ತೊಳೆಯಲು ಇಟ್ಟಿದ್ದ ಹೂವಿನ ನೀರಿನ ಬೋಗುಣಿಗೆ ವಾಂತಿ ಮಾಡಿದರು.

ಟೋಪಿ ಬೋಗುಣಿಯೊಳಗೆ ಬಿತ್ತು. ಚರ್ಮದ ಬಣ್ಣದ ದುಂಡನೆಯ ಪಟ್ಟಿಗಳು ಚಪ್ಪರದ ದೀಪಕ್ಕೆ ಮಿನುಗಿದವು.

ಪಲುಪಿ ಅವನ್ನು ನೋಡಿದಳು. ಆ ಪೆಟ್ಟಿಗೆಯನ್ನು ತಾನೇ ಕೊಂಡವಳು. ತಿರುಗಿ ಅಣ್ಣನನ್ನು ನೋಡಿದಳು. ಅವನು ಚಪ್ಪರದ ಗಳುವನ್ನು ನೋಡುತ್ತಿದ್ದ. ಕೈ ಚಾಚಿ ಅಮ್ಮನ ಶಾಲು ಸರಿಸಿದಳು. ಆಗಲೇ ಅಜ್ಜಿ ಮಗಳ ಹೆಗಲಿಗೆ ಒರಗಿದಳು. ಹೂವಿನ ದಳ ಒರಗುವಷ್ಟೇ ಸದ್ದಿಲ್ಲದೆ.

ಇದ್ದ ಒಂದೇ ಕಾರು ಮದುಮಕ್ಕಳದು, ಮಲ್ಲಿಗೆ ಮುಚ್ಚಿದ್ದು. ಬು ಟಾರ್ಮಿ ಮದುಮಗನ ಕೈಯಿಂದ ಕೀಲಿ ಕಿತ್ತುಕೊಂಡಳು. ಅಜ್ಜಿಯನ್ನು ಹಿಂದೆ ಮಲಗಿಸಿ, ಪಾಕ್ ಮಂಗುನ್‌ರನ್ನು ಮುಂದೆ ತುರುಕಿ ಹೊರಟರು. ದಾರಿಯಲ್ಲಿ ಅಜ್ಜಿಗೆ ಒಮ್ಮೆ ಎಚ್ಚರವಾಯಿತು. ಮುಖದ ಮೇಲೆ ತೂಗಾಡುವ ಮಲ್ಲಿಗೆಯನ್ನು ನೋಡಿ ಗಿಮಾನನ ಕೈ ಹಿಡಿದಳು.

"ನಮ್ಮ ಮದುವೆ ದಿಬ್ಬಣ ಇಷ್ಟು ದೊಡ್ಡದು ಮಾಡ್ಬಾರ್ದಿತ್ತು," ಎಂದಳು ನಾಚಿಕೆಯಿಂದ. "ಅಪ್ಪ ಸಾಲ ಮಾಡಿದ್ರೇನೋ."

ಗಿಮಾನ್ ಹೂಂ ಎನ್ನಲು ಬಾಯಿ ತೆರೆದ. ಬರಲಿಲ್ಲ.

ಡಾಕ್ಟರ್ ಹಪ್ಸಾರಿ ಮಾತಾಡದೆ ಕೆಲಸ ಶುರುಮಾಡಿದರು. ಕೈಗವಸು ಹಾಕಿ ಒಂದೊಂದೇ ಪಟ್ಟಿ ತೆಗೆದರು. ಕಣತಲೆಯದು, ಕಿವಿ ಹಿಂದಿನದು, ಕತ್ತಿನದು. ತೆಗೆದದ್ದನ್ನು ಅಂಟು ಒಳಗಾಗುವಂತೆ ಮಡಚಿ ತಟ್ಟೆಗೆ ಹಾಕಿದರು. ತುರುಬು ಬಿಚ್ಚಿದಾಗ ಇನ್ನೊಂದು ಸಿಕ್ಕಿತು. ಚರ್ಮ ತೊಳೆದರು. ನಾಡಿ ನಿಧಾನವಾಗಿದೆ ಎಂದು ಎದೆಗೆ ತಂತಿ ಜೋಡಿಸಿ, ಕೈಗೆ ಗ್ಲೂಕೋಸ್ ಏರಿಸಿದರು. ಪಕ್ಕದ ಮಂಚದಲ್ಲಿ ಪಾಕ್ ಮಂಗುನ್ ಕಣ್ಣುಮುಚ್ಚಿ ಅರಮನೆಯ ಭಾಷೆಯಲ್ಲಿ ನರಳುತ್ತಿದ್ದರು. ಬು ಟಾರ್ಮಿ ತಾನಾಗಿಯೇ ಮುಂದೆ ಬಂದು, ತಲೆವಸ್ತ್ರ ಸರಿಸಿ, "ನಂದೂ ಒಂದಿದೆ ಡಾಕ್ಟ್ರೇ. ಉಪ್ಪಿಗೆ," ಎಂದಳು.

ಡಾಕ್ಟರು ಆಮೇಲೆ ಗಿಮಾನನ ಕಡೆ ತಿರುಗಿದರು. ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಮಾತಾಡಿದರು. ನಮ್ಮ ಊರಿನಲ್ಲಿ ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ.

"ಎಲ್ಲಾ ತೆಗೆದಿದ್ದೀನಿ. ಮೈಯೊಳಗೆ ಇಳಿದಿರೋದು ಕರಗೋವರೆಗೂ ಇಲ್ಲೇ ಇರ್ಲಿ, ನಾವು ನೋಡ್ಕೋತೀವಿ. ನಾನು ಹೇಳೋವರೆಗೂ ಹೊಸದು ಹಾಕ್ಬೇಡಿ. ಈಗ ಒಂದು ಕೇಳ್ತೀನಿ. ಅವತ್ತು ನಾನು ಹೇಳಿದ್ದು ತಮಗೆ ತಿಳಿದಿತ್ತಾ?"

ಬಾಗಿಲಲ್ಲಿ ಅರ್ಧ ಗಲ್ಲಿ, ಮದುಮಗನನ್ನೂ ಸೇರಿಸಿ, ನಿಂತಿತ್ತು. ಗಿಮಾನನ ಕುತ್ತಿಗೆ ರೂಢಿಯಂತೆ ಒಂದಿಷ್ಟು ಬಗ್ಗಿತು. ಹೂಂ ಗಂಟಲಿನವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅಲ್ಲಿ ನಿಂತಿತು. ಅವನು ಅಮ್ಮನ ಎದೆಯ ತಂತಿಗಳನ್ನು ನೋಡಿದ.

"ಇಲ್ಲ," ಎಂದ.

ಬಾಗಿಲಲ್ಲಿ ಯಾರೋ ಉಸಿರು ಒಳಗೆಳೆದುಕೊಂಡರು.

"ಇಲ್ಲ ಡಾಕ್ಟ್ರೇ. ಬೆಳವ ಕೂಗ್ತಾ ಇತ್ತು. ನಾನು ಅದನ್ನ ಕೇಳ್ತಾ ಇದ್ದೆ."

"ನಿನ್ನೆ ಅವರು ಆರಾಮಾಗಿದ್ರಾ?"

"ಇಲ್ಲ. ವಾಂತಿ ಆಯ್ತು. ಹೇಳ್ಬೇಕು ಅನ್ಸಿತ್ತು. ಹೇಳಿದ್ರೆ ಅಮ್ಮನ್ನ ಕರ್ಕೊಂಡು ಹೋಗ್ತಾಳೆ ಅಂತ ಹೇಳ್ಲಿಲ್ಲ."

ಡಾಕ್ಟರು ಕುರ್ಚಿ ಎಳೆದು ಕೂತರು. "ತಪ್ಪು ನನ್ನದೂ ಇದೆ. ಹೂಂ ಅಂದ್ರಿ, ನಂಬಿದೆ. ನಾನೂ ಈ ಊರೋಳೇ, ನಂಬಬಾರದಿತ್ತು. ಈಗ ಮತ್ತೆ ಹೇಳ್ತೀನಿ. ಹೂಂ ಅನ್ನೋ ಹಾಗಿಲ್ಲ. ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ನಂಗೆ ವಾಪಸ್ ಹೇಳ್ಬೇಕು."

ಹೇಳಿದರು. ಗಿಮಾನ್ ಒಪ್ಪಿಸಿದ. ಮೊದಲ ಸಲ ಮಾತಿನಲ್ಲೇ ಹೊಸದು ಅಂಟಿಸಿ ಆಮೇಲೆ ಹಳೆಯದು ತೆಗೆದ. ಎರಡನೇ ಸಲ ಹಳೆಯದು ತೆಗೆದು ಅದೇ ಜಾಗಕ್ಕೆ ಹೊಸದು ಹಾಕಿದ. ಬಾಗಿಲಿನಿಂದ ಮದುಮಗ "ಆ ಕಡೆ ಭುಜ, ಆ ಕಡೆ ಭುಜ" ಎಂದು ಹೇಳಿಕೊಟ್ಟ. ಕೊನೆಗೆ ಎಲ್ಲ ಸರಿಯಾಯಿತು. ಹಳೆಯದು ತೆಗೆದು, ಮಡಚಿ, ಬಿಸಾಕಿ. ಬೆನ್ನಿನ ಬೇರೆ ಜಾಗ, ಒಣಗಿದ ಚರ್ಮ, ಬಾಮು ಇಲ್ಲ. ಅಂಗೈಯಿಂದ ಒತ್ತಿ ಹಿಡಿದು, ಕೈ ತೊಳೆದುಕೊಂಡು. ಬಿಸಿ ಇಲ್ಲ, ಇನ್ನೊಬ್ಬರಿಗೆ ಇಲ್ಲ.

"ಮುಖ್ಯಸ್ಥರಿಗೆ?" ಎಂದರು ಡಾಕ್ಟರು.

ಪಕ್ಕದ ಮಂಚದ ನರಳಾಟ ನಿಂತಿತು.

"ಅವರಿಗೂ ಇಲ್ಲ," ಎಂದ ಗಿಮಾನ್.

ಮರುದಿ‌ನ ಬೆಳಗಾಗುವಷ್ಟರಲ್ಲಿ ಅಜ್ಜಿಯ ನಾಡಿ ಸರಿಹೋಗಿತ್ತು. ಗಂಜಿ ಕುಡಿದಳು. ಪಲುಪಿ ಅಣ್ಣನ ಎದುರು ನಿಂತಳು. ರಾತ್ರಿಯಿಡೀ ಅತ್ತ ಕಣ್ಣು.

"ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ಒಪ್ಪಿಗೆ ತಾನೆ?"

"ಇಲ್ಲ," ಎಂದ ಗಿಮಾನ್. ಒಂದೇ ರಾತ್ರಿಯಲ್ಲಿ ಆ ಪದ ಅವನ ನಾಲಿಗೆಗೆ ಸ್ವಲ್ಪ ಪಳಗಿತ್ತು. "ನೀನು ಕರ್ಕೊಂಡು ಹೋದ್ರೆ ತಪ್ಪು ಅನ್ನಲ್ಲ. ತಪ್ಪು ನಂದೇ. ಆದ್ರೆ ಒಪ್ಪಿಗೆಯಾ ಅಂದ್ರೆ, ಇಲ್ಲ."

ಪಲುಪಿ ತಾಯಿಯ ಮಂಚದ ಪಕ್ಕ ಕೂತಳು. "ಅಮ್ಮಾ, ನನ್ನ ಜೊತೆ ಬರ್ತೀಯಾ? ಎತ್ತರದ ಮನೆ. ಸಮುದ್ರ ಕಾಣುತ್ತೆ."

ಅಜ್ಜಿ ಯೋಚಿಸಿದಳು. "ಅಷ್ಟು ಮೇಲಕ್ಕೆ ಕೋಣ ಹತ್ತುತ್ತಾ?"

"ಯಾವ ಕೋಣ?"

"ರೊಂಡೆ ಕೇಳಿತ್ತು. ಬರ್ತೀನಿ ಇರು ಅಂತ ಹೇಳಿ ಬಂದಿದ್ದೀನಿ. ನಾನಿಲ್ದೇ ಇದ್ರೆ ಅದು ಬಾಗಿಲಲ್ಲಿ ನಿಂತೇ ಇರುತ್ತೆ. ಚಪ್ಪಲಿ ಬೇರೆ ಬಿಟ್ಟಿದೆ."

ಪಲುಪಿ ಅಮ್ಮನ ಹೊದಿಕೆ ಸರಿಪಡಿಸಿದಳು. ಆಮೇಲೆ ಅಣ್ಣನ ಕಡೆ ನೋಡದೆಯೇ ಹೇಳಿದಳು. "ಇಷ್ಟು ದಿನ ಫೋನಲ್ಲಿ ಗೋಡೆ ಜೊತೆ ಮಾತಾಡಿದ ಹಾಗಿತ್ತು. ಇಲ್ಲ ಅನ್ನೋಕೆ ಬರೋ ಅಣ್ಣ ಇದ್ರೆ ಕೇಳಿದ್ದಕ್ಕೊಂದು ಅರ್ಥ ಇರುತ್ತೆ. ಡಾಕ್ಟ್ರು ಔಷಧ ಮತ್ತೆ ಶುರು ಮಾಡೋವರೆಗೂ ನಾನು ಇಲ್ಲೇ ಇದ್ದು ನೋಡ್ತೀನಿ. ಆಮೇಲೆ ದಿನಾ ಕೇಳ್ತೀನಿ. ಹೂಂ ಅಂದ್ಯೋ, ಮುಂದಿನ ರೈಲಿಗೆ ಬಂದು ಕರ್ಕೊಂಡು ಹೋಗ್ತೀನಿ."

ಗಿಮಾನನ ಕುತ್ತಿಗೆ ಬಗ್ಗಿತು. ಸಮಯಕ್ಕೆ ಸರಿಯಾಗಿ ನೆಟ್ಟಗಾಯಿತು. "ದಿನಾ ಕೇಳ್ತೀಯ, ನಾನು ಆಗಿದ್ದನ್ನ ಆದ ಹಾಗೆ ಹೇಳ್ತೀನಿ," ಎಂದು ವಾಪಸ್ ಒಪ್ಪಿಸಿದ.

ಈಗ ಪಟ್ಟಿ ಅಜ್ಜಿಯ ಬೆನ್ನಿಗೆ ಬಂದಿದೆ. ಡಾಕ್ಟರು ಹೇಳಿದ ದಿನದಿಂದ, ಹೇಳಿದ ಅಳತೆಯಲ್ಲಿ. ಬೆಳಿಗ್ಗೆ ಹಕ್ಕಿಗೆ ಕಾಳು ಹಾಕುವ ಹೊತ್ತಿಗೆ ಗಿಮಾನ್ ಮೊದಲು ಹಳೆಯದನ್ನು ತೆಗೆಯುತ್ತಾನೆ. ತೆಗೆದದ್ದನ್ನು ಗಲ್ಲಿಗೆ ಎತ್ತಿ ತೋರಿಸಿ ಮಡಚುತ್ತಾನೆ. ಪಾಕ್ ಮಂಗುನ್ ಭಾಷಣವನ್ನು ಮೊಟಕು ಮಾಡಿಕೊಂಡಿದ್ದಾರೆ. ಅವರ ಕೀರ್ತಿ ಹೆಚ್ಚಿದೆ. ಬು ಟಾರ್ಮಿಯ ಸೂಪಿಗೆ ಉಪ್ಪು ಈಗಲೂ ಎರಡು ಸಲ ಬೀಳುತ್ತದೆ. ಗಿಮಾನನಿಗೆ ಮಾತ್ರ ಇಲ್ಲ ಎನ್ನುವುದು ಚಟವಾಗಿದೆ. ಗೂಡು ಬೇಕೆಂದು ಬಂದವರಿಗೂ ಮೊದಲು ಇಲ್ಲ ಎಂದು ಆಮೇಲೆ ಯೋಚಿಸುತ್ತಾನೆ. ಊರು ಅವನನ್ನು ಸ್ವಲ್ಪ ಒರಟ ಎನ್ನುತ್ತದೆ. ನನ್ನ ಹಿಂಬಾಗಿಲಿನ ಕೆಲಸವನ್ನು ಅವನಿಗೇ ಕೊಟ್ಟಿದ್ದೇನೆ. ಈ ತಿಂಗಳು ಆಗುವುದಿಲ್ಲ ಎಂದಿದ್ದಾನೆ. ಎಷ್ಟು ನೆಮ್ಮದಿಯಾಯಿತು!

ನಷ್ಟವಾದದ್ದು ಗಲ್ಲಿಗೆ. ಅಜ್ಜಿಯ ಕನಸುಗಳು ಚಿಕ್ಕವಾದವು. ತೊಳೆದಿಟ್ಟ ಲೋಟ, ಒಣಗಿದ ಶುಂಠಿ, ಅಂಥವು. ಚಾಪೆ ತಂದವರು ಒಬ್ಬೊಬ್ಬರೇ ಸುತ್ತಿಕೊಂಡು ಹೋದರು.

ಮೊನ್ನೆ ಒಂದು ಮಧ್ಯಾಹ್ನ ಬಿಸಿಲು ಜೋಲಿ ಕಟ್ಟಿತ್ತು. ಬೆಳವ ಒಂದು ಸ್ವರ ಇಳಿಬಿಟ್ಟಿತು. ಅಜ್ಜಿ ಮಂಚದಿಂದ ಎದ್ದು ಕೂತು ಬಾಗಿಲ ಕಡೆ ನೋಡಿದಳು.

"ಗಿಮಾನ್," ಎಂದಳು. ಗಂಡನ ಹೆಸರಲ್ಲ, ಹಾಲಿನವನ ಹೆಸರೂ ಅಲ್ಲ. "ಆ ಕೋಣ ಬಂದಿತ್ತಲ್ಲ ಕಣೋ. ಅದಕ್ಕೆ ಕುಡಿಯೋಕೆ ಏನಾದ್ರೂ ಕೊಟ್ರಾ?"

ಗಿಮಾನನ ಕೈಯಲ್ಲಿನ ಬಿದಿರ ಸೀಳು ನಿಂತಿತು. ಎದುರು ಕಿಟಕಿಯಲ್ಲಿ ನಾನೂ ನಿಂತೆ. ಆಗಿದ್ದನ್ನು ಆದ ಹಾಗೆ ಹೇಳುವವನು ಈಗ ಅವನು.

ಅವನು ಕುತ್ತಿಗೆಯನ್ನು ಒಂದಿಷ್ಟು ಬಗ್ಗಿಸಿದ.

"ಹೂಂ ಅಮ್ಮ," ಎಂದ. "ಬೆಲ್ಲ ಕಮ್ಮಿ ಹಾಕಿ."